ಬಾದಾಮಿ ಎಲೆಯ ಒಗರು

ಗಾಜಿನ ತೊಟ್ಟಿಯ ಮೀನೊಂದರ ಈಜುರೆಕ್ಕೆ ಹರಿದಿತ್ತು. ಅದನ್ನು ಸಾಕಿದ ಕಮಲಾಕ್ಷಿ, ಗಾಯ ಮಾಯಲೆಂದು ಅಂಗಳದಲ್ಲಿ ಉದುರಿದ್ದ ಒಣ ಬಾದಾಮಿ ಎಲೆಯೊಂದನ್ನು ತೊಳೆದು ನೀರಿಗೆ ಬಿಟ್ಟಳು. ಎಲೆ ನೆನೆದು ತಳ ಸೇರಿತು. ನೀರು ಚಹಾದ ಬಣ್ಣಕ್ಕೆ ತಿರುಗಿತು.

“ಸತ್ತ ಮೇಲೂ ನೀರು ಕೆಡಿಸಲು ಬಂದೆಯಾ?” ಎಂದು ತೊಟ್ಟಿಯಲ್ಲಿದ್ದ ಪ್ಲಾಸ್ಟಿಕ್ ಗಿಡ ಗದರಿತು.

“ನನ್ನಲ್ಲಿ ಉಳಿದಿರುವುದು ಈ ಒಗರೊಂದೇ. ಅದನ್ನು ಕೊಟ್ಟು ಹೋಗುತ್ತೇನೆ,” ಎಂದಿತು ಎಲೆ.

ಮೀನು ಎಲೆಯ ಅಡಿಯಲ್ಲಿ ಮಲಗಿತು. ಮೂರು ವಾರದಲ್ಲಿ ಅದರ ರೆಕ್ಕೆ ಕೂಡಿಕೊಂಡಿತು. ಎಲೆ ಕರಗಿ ಬರೀ ನರಗಳು ಉಳಿದವು.

“ನೋಡು, ಅದು ಹೇಳಹೆಸರಿಲ್ಲದಂತಾಯಿತು. ನಾನು ಇಂದಿಗೂ ಹಚ್ಚಹಸಿರು. ಬಾ, ನನ್ನ ಮೇಲೆ ಮಲಗು,” ಎಂದು ಗಿಡ ಮೀನನ್ನು ಕರೆಯಿತು.

ಮೀನು ಆ ನರಗಳ ಪಕ್ಕದಿಂದ ಕದಲದೆ ಹೇಳಿತು: “ನಿನ್ನ ಹಸಿರನ್ನು ನಂಬಿ ಒಮ್ಮೆ ಮಲಗಿದ್ದೆ. ನನ್ನ ರೆಕ್ಕೆ ಹರಿದದ್ದು ಅಲ್ಲೇ.”