ರೊಟ್ಟಿಗೂ ಹುಗ್ಗಿಗೂ ನಡುವೆ

ಮಲಪ್ರಭೆಯ ದಂಡೆಯ ಮೇಲಿನ ಆ ಚಿಕ್ಕ ಮಠ ಈಗಲೂ ಇದೆ. ಆಗ ಅಲ್ಲಿ ಅಡವಯ್ಯಜ್ಜನವರು ಸ್ವಾಮಿಗಳಾಗಿದ್ದರು. ಅವರ ಬಳಿ ಮಡಿವಾಳ ಎಂಬ ಶಿಷ್ಯನಿದ್ದ. ದಾಸೋಹದಲ್ಲಿ ಬಡಿಸುವುದು ಅವನ ಸೇವೆ.

ಒಂದು ದಿನ ಊಟದ ಹೊತ್ತಿಗೆ ತುಸು ಮುಂಚೆ ಮಡಿವಾಳ ಹೊಳೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಬಾಡಿದ ಮುಖ ಮಾಡಿಕೊಂಡು ಕೂತಿದ್ದ. ಅಜ್ಜನವರು ಬಂದು ಪಕ್ಕದಲ್ಲಿ ಕೂತರು.

“ಯಾರು ಹೋದ್ರೋ, ಇಷ್ಟು ಸಪ್ಪಗ ಕುಂತಿ?”

“ಯಾರೂ ಹೋಗಿಲ್ರಿ ಅಜ್ಜಾರ. ಒಂದು ಆಟ ಹೊಂಟೈತ್ರಿ.”

ಅದು ಫೋನಿನಲ್ಲಿ ಆಡುವ ಕಾರ್ಡಿನ ಆಟ. ಹೆಸರು ಕೋಟೆ ಕಾಳಗ. ಹಾಸ್ಟೆಲಿನಲ್ಲಿದ್ದಾಗ ಮಡಿವಾಳನೂ ಹೊಳೆಯಾಚೆಯ ಊರಿನ ಗೆಳೆಯ ಯಮನೂರನೂ ಬೇವಿನ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅದನ್ನು ಆಡುತ್ತಿದ್ದರು. ಒಬ್ಬರ ಕಾರ್ಡು ಒಬ್ಬರಿಗೆ ಕಾಣಬಾರದಲ್ಲ. ಗೆದ್ದವನ ಬೆನ್ನು ನಗುವಿಗೆ ಕುಲುಕಿದರೆ ಸೋತವನ ಬೆನ್ನಿಗೆ ಗೊತ್ತಾಗುತ್ತಿತ್ತು.

ಮುಂದೆ ಇಬ್ಬರೂ ಕೂಡಿ ಅಂಗಡಿ ಹಾಕುವ ಮಾತಾಗಿತ್ತು. ಮಡಿವಾಳ ಹೇಳದೆ ಕೇಳದೆ ಮಠ ಸೇರಿಬಿಟ್ಟ. ಅಂದಿನಿಂದ ಯಮನೂರ ಮಾತು ಬಿಟ್ಟ.

ಆಟ ಮಾತ್ರ ಬಿಡಲಿಲ್ಲ. ರವಿವಾರ ಬಂತೆಂದರೆ ಅವನಿಂದ ಆಟದ ಕರೆ ಬರುತ್ತಿತ್ತು. ಬಾಯಿಂದ ಒಂದಕ್ಷರವಿಲ್ಲ. ಕಾರ್ಡಿಗೆ ಕಾರ್ಡು, ಅಷ್ಟೆ.

ಈಗ ಕಂಪನಿಯವರು ಆಟವನ್ನೇ ಮುಚ್ಚುವವರಿದ್ದರು. ಬರುವ ರವಿವಾರ ಸಂಜೆಗೆ ಕೊನೆ.

“ಅವನ ಜೋಡಿ ಉಳಿದಿದ್ದು ಅದೊಂದ ಎಳಿ ಐತ್ರಿ,” ಎಂದ ಮಡಿವಾಳ. “ಕಡೀ ಆಟರ ಗೆಲ್ಲಬೇಕ್ರಿ.”

“ಹೆಂಗ ಸೋಲ್ತೀ, ಅದನ್ನ ಹೇಳು.”

“ಮೂವತ್ತು ಕಾರ್ಡಿನ ದಂಡು ಕಟ್ಟಬೇಕ್ರಿ. ಸರದಿ ಸರದಿಗೆ ಶಕ್ತಿ ಏರತೈತಿ. ಸಣ್ಣ ಶಕ್ತಿ ಇದ್ದಾಗ ಕಾಲಾಳು ಇಳಸಬೇಕು, ದೊಡ್ಡ ಶಕ್ತಿ ಕೂಡಿದ ಮ್ಯಾಲ ಆನಿ. ನಾ ಬರೇ ಆನಿ ತುಂಬಿದ್ದೆ. ಆನಿ ಹೊರಗ ಬರೂದ್ರಾಗ ಅಂವ ನನ್ನ ಕೋಟಿ ಮುರದಿರತಾನ.”

“ಹಂಗಾದ್ರ ಕಾಲಾಳು ತುಂಬು.”

“ಅದನ್ನೂ ನೋಡೇನ್ರಿ. ಮದಲ ಜೋರ ಓಡತಾರ, ಅರ್ಧಕ್ಕ ಕೈ ಖಾಲಿ. ಹ್ವಾದ ರವಿವಾರ ಚಾ ಆರೂದ್ರಾಗ ಆಟ ಮುಗೀತು.”

ಅಜ್ಜನವರು ನಕ್ಕರು. “ನಾನೂ ಇಸ್ಪೀಟು ಆಡೇನಪಾ, ಕಾವಿ ಉಟಗೊಂಡ ಹುಟ್ಟಿಲ್ಲ. ಏಳು, ಪಂಕ್ತಿ ಕುಂತೈತಿ. ಬಡಸ ಹೋಗು.”

ಆ ಮಠದ ರೂಢಿ ಹೀಗಿತ್ತು: ಮೊದಲು ರೊಟ್ಟಿ ಪಲ್ಯ, ಆಮೇಲೆ ಅನ್ನ ಸಾರು, ಕೊನೆಗೆ ಬೆಲ್ಲದ ಗೋಧಿ ಹುಗ್ಗಿ. ಕೂತವರೆಲ್ಲರ ಊಟ ಮುಗಿಯುವ ತನಕ ಒಬ್ಬರೂ ಏಳುವಂತಿಲ್ಲ.

ಮಡಿವಾಳನ ಕೈಯಲ್ಲಿ ಬಕೆಟ್ಟು, ಮನಸ್ಸಿನಲ್ಲಿ ಆನೆ. ಅನ್ನ ಸಾರು ಮರೆತು, ರೊಟ್ಟಿಯ ಹಿಂದೆಯೇ ಹುಗ್ಗಿ ಬಡಿಸಿಬಿಟ್ಟ.

ಗಟ್ಟಿ ಹಲ್ಲಿನವರು ಉಂಡು ಕೈ ಒಣಗಿಸಿಕೊಂಡು ಕೂತರು. ಸಾಲಿನ ತುದಿಯಲ್ಲಿದ್ದ ಬಸಲಿಂಗವ್ವನಿಗೆ ಹಲ್ಲಿಲ್ಲ. ಅವಳಿನ್ನೂ ಮೊದಲ ರೊಟ್ಟಿಯನ್ನೇ ಪಲ್ಯದ ರಸದಲ್ಲಿ ನೆನೆಸುತ್ತಿದ್ದಳು. ಎಲ್ಲರ ಕಣ್ಣೂ ಅವಳ ತಾಟಿನ ಮೇಲೆ ಬಿದ್ದವು. ಮುದುಕಿ ನಾಚಿ, ಅರ್ಧ ಉಂಡ ತಾಟಿಗೆ ಕೈ ಮುಗಿದಳು.

“ಸಾಕಾತ್ರಪಾ, ನನಗ ಸಾಕು. ಏಳ್ರಿ.”

ಪಂಕ್ತಿ ಎದ್ದಿತು. ಮುದುಕಿಯ ತಾಟನ್ನು ಅಜ್ಜನವರೇ ಎತ್ತಿದರು. ಮಡಿವಾಳನಿಗೆ ಅದೇ ಹೆಚ್ಚು ಸುಟ್ಟಿತು.

ಮರುದಿನ ಸಾರಿನ ಬಕೆಟ್ಟನ್ನು ಅಜ್ಜನವರೇ ಎತ್ತಿಕೊಂಡರು. “ಇವತ್ತ ನೀ ನಿಂತು ನೋಡು.”

ಬೇಗ ಉಣ್ಣುವವರ ಮುಂದೆ ಅನ್ನ ಹಾಕಿಸಿ, “ಇಷ್ಟಕ್ಕ ಸುಸ್ತಾದೇನೋ ಪೈಲ್ವಾನ?” ಎಂದು ಸಾರು ಸುರಿದರು. ಮುಂದೆ ಹೋದರು, ತಿರುಗಿ ಬಂದರು. ಒಬ್ಬನ ಎತ್ತಿನ ಕಾಲುಬೇನೆ ವಿಚಾರಿಸಿದರು, ಮತ್ತೊಬ್ಬನಿಗೆ ಮತ್ತೆ ಒಂದು ಸೌಟು. ಹೀಗೆ ಸಾರು ಓಡಾಡುವಷ್ಟರಲ್ಲಿ ಬಸಲಿಂಗವ್ವ ನೆನೆಸಿ ನೆನೆಸಿ ರೊಟ್ಟಿ ಮುಗಿಸಿದಳು, ಅನ್ನವನ್ನೂ ಮುಗಿಸಿದಳು.

ಆಗ ಅಜ್ಜನವರು ಅಡುಗೆಮನೆಯ ಕಡೆ ಕೈ ಮಾಡಿದರು. ಹುಗ್ಗಿ ಬಂತು. ಎಲ್ಲರೂ ಕೂಡಿ ಉಂಡರು, ಕೂಡಿ ಎದ್ದರು.

ಸಂಜೆ ಮಡಿವಾಳ ಹೊಳೆಯ ಮೆಟ್ಟಿಲಿಗೆ ಬಂದ.

“ಅಜ್ಜಾರ, ನನ್ನ ದಂಡಿನಾಗ ನಡುವಿಂದ ಇಲ್ರಿ.”

“ನಡುವಿಂದು ಅಂದ್ರ?”

“ಕುದರಿ, ಈಟಿಗಾರರು. ತಡಿಯಾಕೂ ಬರತಾವ, ಹೊಡಿಯಾಕೂ ಬರತಾವ. ಸಣ್ಣವೂ ಅಲ್ಲ ದೊಡ್ಡವೂ ಅಲ್ಲಂತ ಬಿಟ್ಟಿದ್ದೆ.”

“ಹಾಕಿದ್ರ ಗೆಲ್ತಿಯೇನು?”

“ಗೊತ್ತಿಲ್ರಿ. ಅವನ ಮುಂದ ಹೆಚ್ಚು ಹೊತ್ತು ಕುಂದರತೇನಿ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅಜ್ಜನವರು ಹೊಳೆ ನೋಡುತ್ತಿದ್ದರು.

ಮಡಿವಾಳ ದಂಡು ಕಟ್ಟಿದ. ಬಾಗಿಲು ಕಾಯಲು ಕೆಲವು ಕಾಲಾಳು. ಕೊನೆಗೆಂದು ಎರಡೇ ಆನೆ. ಉಳಿದದ್ದೆಲ್ಲ ಈಟಿ, ಕುದುರೆ. ಹಳೆಯ ಕಾರ್ಡುಗಳನ್ನು ಹುಡುಕುವಾಗ ಒಂದು ಬಿಳಿ ಕುದುರೆ ಸಿಕ್ಕಿತು. ಹಾಸ್ಟೆಲಿನಲ್ಲಿ ತಾನು ಜ್ವರ ಬಂದು ಮಲಗಿದ್ದಾಗ ಯಮನೂರ ಕೊಟ್ಟ ಕಾರ್ಡು ಅದು. ಇಷ್ಟು ದಿನ ಅದನ್ನು ಆಡಿಯೇ ಇರಲಿಲ್ಲ. ಅದನ್ನೂ ಸೇರಿಸಿದ.

ರವಿವಾರ ಬಂತು. ಕರೆಯೂ ಬಂತು.

ಅಜ್ಜನವರು ಮಿಂದು, ಪೂಜೆ ಮುಗಿಸಿ ಬಂದರೂ ಮಡಿವಾಳ ಮೆಟ್ಟಿಲ ಮೇಲೆಯೇ ಇದ್ದ. ಅವನ ಕೋಟೆ ನಿಂತಿತ್ತು. ಬಿಳಿ ಕುದುರೆ ಕಣಕ್ಕೆ ಇಳಿದಾಗ ಆ ಕಡೆಯಿಂದ ಬಹಳ ಹೊತ್ತು ಯಾವ ಕಾರ್ಡೂ ಬರಲಿಲ್ಲ.

ಹೊತ್ತು ಇಳಿದ ಮೇಲೆ ಮಡಿವಾಳ ಎದ್ದು ಬಂದ. ಕಣ್ಣು ಕೆಂಪಾಗಿದ್ದವು.

“ಗೆದ್ದೇನೋ?”

“ಇಲ್ರಿ. ಒಂದ ಹೊಡತಕ್ಕ ಅವನ ಕೋಟಿ ಬೀಳತಿತ್ತು. ಆನಿ ಕೈಯಾಗ ಇತ್ರಿ. ನಾ ಅದನ್ನ ಕಣಕ್ಕ ಬಿಡಲಿಲ್ಲ. ಸುಮ್ನ ಸರದಿ ಅವಗ ಕೊಟ್ಟೆ.”

“ಹಂಗಾದ್ರ ಸೋತಿ.”

“ಸೋಲಲಿಲ್ರಿ. ಅವನೂ ಹೊಡಿಬಹುದಿತ್ತು. ಅವನೂ ಸುಮ್ನ ಸರದಿ ನನಗ ಕೊಟ್ಟ. ಹಂಗ ಕೊಡಕೋತ ಕುಂತಿವ್ರಿ. ಕಡೀಕ ಆಟಾನ ಮುಚ್ಚಿಹೋತು.” ಅವನು ಫೋನನ್ನು ಕಿಸೆಗೆ ಇಟ್ಟ. “ಎಲ್ಲಾ ಮುಗೀತ್ರಿ ಅಜ್ಜಾರ.”

ಅಜ್ಜನವರು ಒಳಗೆ ಹೋದರು. ಮುಚ್ಚಳದ ಡಬ್ಬಿಯೊಂದನ್ನು ತಂದು ಅವನ ಕೈಗಿಟ್ಟರು. ಒಳಗಿನ ಹುಗ್ಗಿಯ ಬಿಸಿ ಅಂಗೈಗೆ ತಾಗಿತು.

“ಇಬ್ಬರೂ ಪಂಕ್ತಿ ಬಿಟ್ಟು ಇನ್ನೂ ಎದ್ದಿಲ್ಲಲ್ಲೋ ಹುಚ್ಚಪ್ಪ. ಹೊಳಿ ದಾಟು. ಬಿಸಿ ಇದ್ದಾಗ ಬಡಸು.”