ಗುಜ್ಜನ ವಂಶ

"ಬುದ್ಧಿ, ನಮ್ಮ ಮಠದ ಮೂಲಪುರುಷರು ಕುರಿ ಕಾಯುತ್ತಿದ್ದವರು ಎನ್ನುವ ಬದಲು ಕಾಶಿಯಿಂದ ಬಂದವರು ಎಂದು ಕಲ್ಲಿನಲ್ಲಿ ಕೆತ್ತಿಸಿದರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು. "ನಷ್ಟ ಯಾರಿಗೆ ಎನ್ನುತ್ತೀಯಾ? ಹಾಗಾದರೆ ಕೂತು ಕೇಳು" ಎಂದರು.

ಭೀಮಾ ನದಿಯ ದಂಡೆಯಲ್ಲಿ ಮಾಳಿಂಗ ಎಂಬ ಕುರಿಗಾರನಿದ್ದ. ಕುರಿಗಳ ಜೊತೆ ತಟ್ಟುಗಳನ್ನೂ ಸಾಕಿದ್ದ. ಗಿಡ್ಡ ಕುದುರೆಗಳು, ನೋಡಲು ಏನೂ ಇಲ್ಲ. ಆದರೆ ಹಿಂಡು ಊರೂರು ಅಲೆಯುವಾಗ ಗುಡಾರ, ಪಾತ್ರೆ, ನಡೆಯಲಾರದ ಕುರಿಮರಿ, ಹಸುಗೂಸು ಎಲ್ಲವೂ ಅವುಗಳ ಬೆನ್ನ ಮೇಲೆಯೇ. ಲಾಳ ಬೇಡ, ಹುರುಳಿ ಬೇಡ. ಅವನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಬೇಸಿಗೆಯಲ್ಲಿ ಗಂಡುಮರಿಗಳನ್ನು ಕಲ್ಲುಗುಡ್ಡಕ್ಕೆ ಬಿಡುತ್ತಿದ್ದರು. ಜಾಲಿಕಾಯಿ ತಿಂದುಕೊಂಡು, ಗೊರಸು ಸೀಳದೆ ಇಳಿದು ಬಂದದ್ದನ್ನೇ ತಳಿಗೆ ಇಟ್ಟುಕೊಂಡು ಉಳಿದವುಗಳ ಬೀಜ ಒಡೆಯುತ್ತಿದ್ದರು. ಎತ್ತರ, ಬಣ್ಣ ಯಾರೂ ನೋಡುತ್ತಿರಲಿಲ್ಲ. ಹಾಗೆ ಇಳಿದು ಬಂದ ಒಂದಕ್ಕೆ ಮಾಳಿಂಗ ಗುಜ್ಜ ಎಂದು ಹೆಸರಿಟ್ಟಿದ್ದ. ಅದೆಂದರೆ ಅವನಿಗೆ ಪ್ರಾಣ.

ಒಮ್ಮೆ ಕುದುರೆ ಸಂತೆಯಲ್ಲಿ ಒಬ್ಬ ವ್ಯಾಪಾರಿ ಗುಜ್ಜನ ಬೆನ್ನು ತಡವಿ, "ಇದು ಯಾವ ತಳಿಯಪ್ಪಾ?" ಎಂದ. ಸುತ್ತ ಆಳೆತ್ತರದ ಕುದುರೆಗಳು. ಮಾಳಿಂಗನಿಗೆ ಅವಮಾನವಾದಂತಾಯಿತು.

"ಅರಬ್ಬಿ! ನಮ್ಮ ಮುತ್ತಜ್ಜನ ಕಾಲಕ್ಕೆ ಹಡಗಿನಲ್ಲಿ ಬಂದದ್ದು" ಎಂದುಬಿಟ್ಟ.

"ಹೌದಾ!" ಎಂದು ವ್ಯಾಪಾರಿ ನಕ್ಕು, ಗುಜ್ಜನ ಎರಡು ಮರಿಗಳನ್ನು ಕೊಂಡು ಹೋದ.

ಅಲ್ಲಿಂದ ಹಿಡಿಯಿತು ನೋಡು ಗ್ರಹಚಾರ. ಹೋದಲ್ಲೆಲ್ಲ ಮಾಳಿಂಗ ಹಡಗಿನ ಕತೆ ಹೇಳಿದ. ಹೇಳಿ ಹೇಳಿ, ಹುಟ್ಟಿದ ಮರಿಯ ಕಾಲು ಅಳೆಯತೊಡಗಿದ. ಎಲ್ಲವೂ ಗಿಡ್ಡ! ಅರಬ್ಬಿ ರಕ್ತವನ್ನು ಕಲ್ಲುಗುಡ್ಡಕ್ಕೆ ಬಿಡುವುದೇ ಎಂದು ಪದ್ಧತಿಯನ್ನೂ ನಿಲ್ಲಿಸಿದ. ಸಂತೆಯಿಂದ ಉದ್ದಕಾಲಿನ ಗಂಡೊಂದನ್ನು ತಂದ. ಗಿಡ್ಡ ಗಂಡುಗಳೆಲ್ಲದರ ಬೀಜ ಒಡೆಸಿದ. ಕಡೆಗೆ ಗುಜ್ಜನ ಕಾಲಿಗೂ ಹಗ್ಗ ಬಿತ್ತು.

ಹೆಂಡತಿ ಜಕ್ಕವ್ವ ಅಡ್ಡ ನಿಂತಳು. "ನಿನಗೇನು ತಲೆ ಕೆಟ್ಟಿದೆಯಾ? ನಮ್ಮ ಸಂಸಾರ ಹೊತ್ತದ್ದು ಇದು!"

"ಇದನ್ನು ನೋಡಿದವರು ನನ್ನ ಮಾತು ನಂಬುತ್ತಾರೇನೇ? ಸರಿ ಆಚೆ" ಎಂದ ಮಾಳಿಂಗ.

ಗುಜ್ಜ ಒದೆಯಲಿಲ್ಲ. ಹಗ್ಗ ಕಟ್ಟಿದ್ದು ಮಾಳಿಂಗನ ಕೈಯಲ್ಲವೇ?

ವರ್ಷಗಳು ಕಳೆದವು. ಹಟ್ಟಿಯ ತುಂಬ ಎತ್ತರದ ಕುದುರೆಗಳಾದವು. ಹಿಂಡು ಕಲ್ಲುದಾರಿ ಹಿಡಿದಾಗ ಒಂದೊಂದೇ ಗೊರಸು ಸೀಳಿ ಕುಂಟಿದವು. ಕೆಲವು ಬಿದ್ದಲ್ಲೇ ಸತ್ತವು. ಜಕ್ಕವ್ವ ಗುಡಾರವನ್ನು ತಲೆಯ ಮೇಲೆ ಹೊತ್ತು ನಡೆದಳು.

ಆಗ ಆ ವ್ಯಾಪಾರಿ ಹುಡುಕಿಕೊಂಡು ಬಂದ. "ಆ ಗಿಡ್ಡ ತಳಿ ಇನ್ನಷ್ಟು ಬೇಕು. ಘಟ್ಟದ ದಾರಿಗೆ ಅಂಥದ್ದು ಬೇರೆಲ್ಲೂ ಇಲ್ಲ" ಎಂದ. ಮಾಳಿಂಗ ಮುದಿ ಗುಜ್ಜನನ್ನು ತೋರಿಸಿದ. ವ್ಯಾಪಾರಿ ಅದರ ಹಿಂಗಾಲುಗಳ ನಡುವೆ ಬಗ್ಗಿ ನೋಡಿದ. "ಅಯ್ಯೋ, ಎಂಥ ಕೆಲಸ ಮಾಡಿದೆಯಪ್ಪಾ!" ಎಂದು ಬಂದ ದಾರಿಯಲ್ಲೇ ಹೊರಟುಹೋದ. ಮಾಳಿಂಗ ಗುಜ್ಜನ ಕೊರಳು ತಬ್ಬಿಕೊಂಡು ಗೋಳೋ ಎಂದು ಅತ್ತ.

ಗುರುಗಳು ಮಾತು ನಿಲ್ಲಿಸಿದರು.

"ಆ ಸುಳ್ಳನ್ನು ವ್ಯಾಪಾರಿ ನಂಬಿದ್ದರಿಂದ ಇಷ್ಟೆಲ್ಲ ಆಯಿತಲ್ಲವೇ ಬುದ್ಧಿ?" ಎಂದ ಶಿಷ್ಯ.

"ಅವನೆಲ್ಲಿ ನಂಬಿದ್ದ? ನಂಬಿದವನು ಮಾಳಿಂಗನೊಬ್ಬನೇ" ಎಂದರು ಗುರುಗಳು.