ಉಪ್ಪು ಕರಗಿದ ಬಂಡೆ

ನಲವತ್ತು ಹೇರು ಉಪ್ಪಿಗೆ ಒಂದು ಜೊತೆ ಆನೆದಂತ. ಇಷ್ಟು ದೊಡ್ಡ ವ್ಯಾಪಾರ ಆ ಬಂಡೆಯ ಮೇಲೆ ಅದಕ್ಕೆ ಮೊದಲು ಕುದುರಿರಲಿಲ್ಲ, ಆಮೇಲೂ ಕುದುರಲಿಲ್ಲ. ನಿಜ ಹೇಳುವುದಾದರೆ ಅಂದೂ ಕುದುರಲಿಲ್ಲ. ಬಂಡೆಗೆ ಹೆಸರು ಬಂದದ್ದು ಕುದುರದೆ ಹೋದ ಆ ವ್ಯಾಪಾರದಿಂದಲೇ. ಬಯಲಿನಿಂದ ಮುದ್ದಗಿರಿಗೆ ಹತ್ತುವ ದಾರಿಯಲ್ಲಿ, ತೊರೆಮಾವಿನ ಕಣಿವೆ ದಾಟಿದ ಮೂರನೆಯ ತಿರುವಿನಲ್ಲಿ, ಎರಡು ಕಣದಷ್ಟು ಅಗಲದ ಚಪ್ಪಟೆ ಬಂಡೆಯೊಂದು ಎಡಗಡೆಗೆ ಬಿದ್ದುಕೊಂಡಿದೆ. ಮೇಲಿನ ಊರಿಗೆ ಹೋಗುವ ಬಸ್ಸು ಇಂಜಿನ್ ತಣಿಸಿಕೊಳ್ಳಲು ಅಲ್ಲಿ ನಿಲ್ಲುತ್ತದೆ. ಜನ ಇಳಿದು ಬುತ್ತಿ ಬಿಚ್ಚುತ್ತಾರೆ. ‘ಉಪ್ಪು ಕರಗಿದ ಬಂಡೆ’ ಎಂದು ಅಲ್ಲಿನ ಹಲಗೆ ಹೇಳುತ್ತದೆ. ಯಾರ ಉಪ್ಪು, ಯಾಕೆ ಕರಗಿತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹಿಂದೆ ಒಮ್ಮೆ, ಈ ದಾರಿಯಲ್ಲಿ ಗಾಡಿ ಹತ್ತದೆ ಬರೀ ಹೇರೆತ್ತುಗಳು ಹತ್ತುತ್ತಿದ್ದ ಕಾಲ. ಬಯಲಿನ ಶೆಟ್ಟರು ವರ್ಷಕ್ಕೊಮ್ಮೆ, ಜೇನು ಇಳಿಸುವ ಕಾಲ ಮುಗಿಯುವ ಹೊತ್ತಿಗೆ, ಎತ್ತುಗಳ ಬೆನ್ನಿಗೆ ಉಪ್ಪು ಹೇರಿಕೊಂಡು ಬರುತ್ತಿದ್ದರು. ಅವರಿಗೂ ಬೆಟ್ಟದವರಿಗೂ ಮಾತಿಲ್ಲ, ಮುಖಪರಿಚಯವಿಲ್ಲ, ವ್ಯಾಪಾರ ಮಾತ್ರ ಇತ್ತು ಎನ್ನುತ್ತಾರೆ. ಶೆಟ್ಟರು ಉಪ್ಪನ್ನು ಬಂಡೆಯ ಮೇಲೆ ಸುರಿದು, ತಮಟೆ ಬಡಿಸಿ, ನೂರು ಮಾರು ಕೆಳಗಿಳಿದು ಬಂಡೆಗೆ ಬೆನ್ನು ಹಾಕಿ ಕೂರಬೇಕು. ಆಗ ಬೆಟ್ಟದವರು ಇಳಿದು ಬಂದು ಎದುರಿಗೆ ಜೇನು, ಮೇಣ, ಸೀಗೆ ಇಡುತ್ತಿದ್ದರು. ಉಪ್ಪು ಸಾಲದೆನಿಸಿದರೆ ಮುಟ್ಟದೆ ಹೋಗುವರು. ಶೆಟ್ಟರು ಇನ್ನಷ್ಟು ಸುರಿಯುವರು. ಸಾಕೆನಿಸಿದಾಗ ಉಪ್ಪನ್ನು ಎತ್ತುವರು. ಅವರು ಎತ್ತಿದ ಮೇಲೆಯೇ ಶೆಟ್ಟರ ಕೈ ಎದುರಿನ ಸರಕಿಗೆ ತಾಗಬೇಕು. ಉಪ್ಪನ್ನು ಮುಚ್ಚುವಂತಿಲ್ಲ, ಏಕೆಂದರೆ ಗೋಣಿಯೊಳಗೆ ಮರಳು ಅಡಗುತ್ತದೆ. ಸುರಿದದ್ದನ್ನು ಹಿಂದಕ್ಕೆ ಬಳಿದುಕೊಳ್ಳುವಂತಿಲ್ಲ. ಬಳಿದುಕೊಂಡವನಿಗೆ ಆ ದಾರಿ ಎಂದೆಂದಿಗೂ ಮುಚ್ಚಿತು. ಆಣೆ ಪ್ರಮಾಣವಿಲ್ಲ, ತಕ್ಕಡಿಯೂ ಇಲ್ಲ. ಆದರೂ ಮೂರು ತಲೆಮಾರು ಮೋಸ ನಡೆದಿರಲಿಲ್ಲ. ಬೆಟ್ಟದವರು ಮೂಗರು, ಬುದ್ಧಿ ಸಾಲದವರು ಎಂದು ಬಯಲಿನವರು ನಂಬಿದ್ದರು. ಬಯಲಿನವರಿಗೆ ಮುಖವೇ ಇಲ್ಲ, ಎರಡು ಕಡೆಯೂ ಬೆನ್ನು ಎಂದು ಬೆಟ್ಟದ ಮಕ್ಕಳು ನಗುತ್ತಿದ್ದರು.

ಬೆಟ್ಟದವರಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹೆಜ್ಜೇನು ಕಟ್ಟುವ ಕಡಿದಾದ ಬಂಡೆಗೆ ಗಂಡಸು ಹಗ್ಗದ ಮೇಲೆ ಇಳಿದಾಗ, ಮೇಲೆ ಆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರಿಗೂ ಆ ಹಗ್ಗ ಕೊಡುತ್ತಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳ ಇರಬಹುದು. ತನ್ನ ಅಕ್ಕನನ್ನು ರಂಡೆ ಮಾಡುವ ಕೈ ಮಾತ್ರ ಯಾರಿಗೂ ಇರುವುದಿಲ್ಲ ಎಂಬುದು ಲೆಕ್ಕ. ಗಟ್ಟಿ ಲೆಕ್ಕವೇ ಅದು. ಕೇತಿಯ ಗಂಡ ಮಾರ ಜೇನಿಗೆ ಇಳಿದಾಗಲೆಲ್ಲ ಹಗ್ಗ ಹಿಡಿಯುತ್ತಿದ್ದವನು ಕೇತಿಯ ತಮ್ಮ ಜಡೆಯ. ಒಂಬತ್ತು ವರ್ಷ ಹಿಡಿದಿದ್ದ. ಅವನ ಅಂಗೈ ಎರಡೂ ಎತ್ತಿನ ಗೊರಸಿನಂತಾಗಿದ್ದವು.

ರಾಚಶೆಟ್ಟಿ ಎಂಬವನು ಒಂದು ವರ್ಷ ಕಟ್ಟಳೆ ಮುರಿದು ಬಂಡೆಯ ಕಡೆ ತಿರುಗಿ ನೋಡಿದ. ಎಲ್ಲರೂ ಕೂತಾಗ ಅವನೊಬ್ಬ ಮರದ ಮರೆಗೆ ಸರಿದು, ಬೆಟ್ಟದವರು ಬಂದ ಜಾಡು ಹಿಡಿದು ಹೆಜ್ಜೇನಿನ ಬಂಡೆ ಕಂಡುಕೊಂಡ. ಜೇನು ನೇರವಾಗಿ ಕೈಗೆ ಬಂದರೆ ಉಪ್ಪೇಕೆ ಸುರಿಯಬೇಕು? ಉಳಿದ ಶೆಟ್ಟರು ಇಳಿದು ಹೋದ ಮೇಲೆ, ತನ್ನ ಆಳು ನಗ್ಗನೊಂದಿಗೆ ಹೋಗಿ, ಒಬ್ಬನೇ ಸಿಕ್ಕ ಮಾರನಿಗೆ ಉಕ್ಕಿನ ಕೊಡಲಿಯೊಂದನ್ನು ತೋರಿಸಿದ. ಜಡೆಯ ಅಂದು ಆಚೆ ಬೆಟ್ಟಕ್ಕೆ ಗೆಣಸು ಅಗೆಯಲು ಹೋಗಿದ್ದ. "ಹಗ್ಗ ಹಿಡಿಯೋಕೆ ನಮ್ಮೋನವ್ನೆ, ಇಳಿಯಯ್ಯ" ಅಂದ ಶೆಟ್ಟಿ. ಕೊಡಲಿಯ ಆಸೆಗೆ ಮಾರ ಇಳಿದುಬಿಟ್ಟ. ಆರು ಬುಟ್ಟಿ ಜೇನು ಮೇಲೆ ಬಂತು. ಏಳನೆಯದಕ್ಕೆ ಹುಳು ಎದ್ದು ನಗ್ಗನ ಮುಖಕ್ಕೆ ಮುತ್ತಿದವು. ನಗ್ಗ ಹಗ್ಗ ಬಿಟ್ಟು ಓಡಿದ. ಶೆಟ್ಟಿ ಕೆಳಗೆ ಇಣುಕಿ ನೋಡಿದ. ಆಮೇಲೆ ಆರು ಬುಟ್ಟಿಗಳನ್ನೂ ಕೊಡಲಿಯನ್ನೂ ಹೊತ್ತುಕೊಂಡು ಬೆಟ್ಟ ಇಳಿದ.

ಎರಡು ದಿನದ ಮೇಲೆ ಮಾರನನ್ನು ಹುಡುಕಿದವನು ಜಡೆಯನೇ. ಹೆಣದ ಕೆಳಗೆ ಪುಂಡಿನಾರಿನ ಹಗ್ಗವಿತ್ತು, ತುದಿಗೆ ಕಾವಿ ಬಳಿದದ್ದು. ಹಾಗೆ ಕಾವಿ ಬಳಿಯುತ್ತಿದ್ದದ್ದು ರಾಚಶೆಟ್ಟಿಯ ಎತ್ತುಗಳ ಹಗ್ಗಕ್ಕೆ ಮಾತ್ರ. ಜಡೆಯ ಹಗ್ಗವನ್ನು ತಂದು ಅಕ್ಕನ ಮುಂದಿಟ್ಟು, ಬಾಣಕ್ಕೆ ವಿಷ ಅರೆಯಲು ಕೂತ.

"ಮುಂದಿನ ಸಲ ಬಂದೇ ಬತ್ತಾನೆ. ಎದೆಗೇ ಹೊಡೀತೀನಿ ಅಕ್ಕ."

ಕೇತಿ ಅಳಲಿಲ್ಲ ಎನ್ನುತ್ತಾರೆ. ಹಗ್ಗವನ್ನು ಸುರುಳಿ ಸುತ್ತುತ್ತಾ ಕೇಳಿದಳು: "ಹೊಡುದ್ರೆ ಎಷ್ಟೊತ್ತು ನೊಂದಾನ್ಲಾ?"

"ಒಂದು ಗಳಿಗೆ."

"ನಂಗೆ ಒಂದು ಗಳಿಗೆ ಸಾಲದು ಕಣ್ಲಾ."

ಮುಂದಿನ ವರ್ಷ ರಾಚಶೆಟ್ಟಿ ಏನೂ ಆಗದವನಂತೆ ಬಂದ. ಬೆಟ್ಟದವರಿಗೆ ಬಾಯಿಲ್ಲ, ಬಾಯಿಲ್ಲದವರಿಗೆ ಬುದ್ಧಿಯೂ ಇಲ್ಲ ಎಂಬ ಧೈರ್ಯ. ಬೇರೆ ಶೆಟ್ಟರೆಲ್ಲ ಬಂದು ಹೋದ ಮೇಲೆ, ಪೈಪೋಟಿ ಇರಬಾರದೆಂದು ಬೇಕೆಂದೇ ತಡವಾಗಿ, ಇದ್ದ ಬಂಡವಾಳವನ್ನೆಲ್ಲ ಉಪ್ಪಿಗೆ ಹಾಕಿ, ನಲವತ್ತು ಎತ್ತು ಹೊಡೆದುಕೊಂಡು ಬಂದ. ಹತ್ತು ಹೇರು ಸುರಿದು ತಮಟೆ ಬಡಿಸಿದ. ತಿರುಗಿ ಬಂದು ನೋಡಿದರೆ ಜೇನಿಲ್ಲ, ಮೇಣವಿಲ್ಲ. ಆಳೆತ್ತರದ ಎರಡು ಆನೆದಂತ ಬಿಸಿಲಿಗೆ ಬೆಣ್ಣೆಯಂತೆ ಹೊಳೆಯುತ್ತಿದ್ದವು. ಉಪ್ಪನ್ನು ಯಾರೂ ಮುಟ್ಟಿರಲಿಲ್ಲ. ಶೆಟ್ಟಿ ಇನ್ನೂ ಹತ್ತು ಸುರಿದ. ಮಾರನೆಯ ದಿನವೂ ದಂತ ಹಾಗೇ, ಉಪ್ಪೂ ಹಾಗೇ. ಮತ್ತೆ ಹತ್ತು, ಮೂರನೆಯ ದಿನ ಕೊನೆಯ ಹತ್ತು. ಆಮೇಲೆ ಕೊಡಲಿಗಳು, ತಾಮ್ರದ ಹಂಡೆ, ಹೊದ್ದ ಕಂಬಳಿ. ನಾಲ್ಕನೆಯ ದಿನ ಕಿವಿಯ ಚಿನ್ನದ ಹತ್ತಕಡಕು ಬಿಚ್ಚಿ ಉಪ್ಪಿನ ರಾಶಿಯ ಮೇಲಿಟ್ಟ. ನಗ್ಗನನ್ನು ದಂತ ಎಳೆದು ತಾ ಎಂದು ಕಳಿಸಿಯೂ ನೋಡಿದ. ನಗ್ಗನ ಕಾಲಿಗೆ ಒಂದು ಗೇಣು ಮುಂದೆ ನೆಲಕ್ಕೆ ಬಾಣವೊಂದು ನೆಟ್ಟುಕೊಂಡಿತು.

ಆ ಬಾಣ ಬಿಟ್ಟವನು ಜಡೆಯ. ನಾಲ್ಕು ದಿನದಿಂದ ಮತ್ತಿಮರದ ಕವಲಿನಲ್ಲಿ ಕೂತಿದ್ದ. ಶೆಟ್ಟಿಯ ಕೊರಳು ಅವನಿಗೆ ಇಪ್ಪತ್ತು ಮಾರಿನಲ್ಲಿತ್ತು. ಕಣ್ಣು ಮುಚ್ಚಿ ಬಿಟ್ಟರೂ ತಾಗುವಂತಿತ್ತು. ಬಿಲ್ಲು ಎಳೆಯಬೇಕೆನಿಸಿದಾಗಲೆಲ್ಲ ಕೆಳಗೆ ಪೊದೆಯಲ್ಲಿ ಕೂತ ಅಕ್ಕನ ಕಡೆ ನೋಡುವನು. ಕೇತಿ ಶೆಟ್ಟಿಯನ್ನು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದಳು. ಸರಕಿಗಾಗಿ ಕಾಯುವವನಿಗಿಂತ ಕಾಲಕ್ಕಾಗಿ ಕಾಯುವವನು ದೊಡ್ಡ ವ್ಯಾಪಾರಿ.

ಐದನೆಯ ದಿನ ಮಧ್ಯಾಹ್ನ ಗಾಳಿ ನಿಂತಿತು. "ಶೆಟ್ರೇ, ಮೋಡ ಕಟ್ತಾ ಅದೆ ಕಣಿ. ಉಪ್ಪ ಬಳಕೊಂಡು ಹೊಂಟೋಗುವ" ಅಂದ ನಗ್ಗ.

"ಬಳಕೊಂಡ್ರೆ ದಾರಿ ಮುಚ್ತು. ಅಂಥಾ ಜೋಡಿ ದಂತ ಬುಟ್ಟೋಗಕ್ಕೆ ನಾನೇನು ಸನ್ಯಾಸಿನೇನೋ? ಇವತ್ತು ಎತ್ತೇ ಎತ್ತಾರೆ, ಕೂತ್ಕೊ!"

ಅವನು ಕೂರುವಷ್ಟರಲ್ಲಿ ಮೊದಲ ಹನಿ ಬಿತ್ತು. ಹನಿ ಎನ್ನುವುದೂ ತಪ್ಪು. ಮುದ್ದಗಿರಿಯಲ್ಲಿ ಮುಂಗಾರಿನ ಮೊದಲ ಮಳೆ ಕೊಡದಲ್ಲಿ ಮೊಗೆದು ಹೊಯ್ದಂತೆ ಬೀಳುತ್ತದೆ. ಶೆಟ್ಟಿ ಬಂಡೆಗೆ ಓಡಿ, ಪಂಚೆ ಬಿಚ್ಚಿ ರಾಶಿಯ ಮೇಲೆ ಹೊದಿಸಿದ, ತಾನೇ ಅಡ್ಡ ಮಲಗಿದ, ಬೊಗಸೆಯಲ್ಲಿ ತುಂಬಿದ. ಬೆರಳ ಸಂದಿಯಿಂದ ಬೆಳ್ಳಗೆ ಸೋರಿಹೋಯಿತು. ನಲವತ್ತು ಹೇರು ಉಪ್ಪು ಬಂಡೆಯ ಅಂಚಿನಿಂದ ಹಾಲಿನ ತೊರೆಯಂತೆ ಕಾಡಿಗೆ ಇಳಿಯಿತು.

ಮಳೆ ತೆಳುವಾದಾಗ ಬೆಟ್ಟದವರು ಇಳಿದು ಬಂದರು. ಮೊದಲ ಬಾರಿಗೆ, ಬಯಲಿನವನ ಮುಖ ನೋಡುತ್ತಾ. ಕೇತಿ ಕಾವಿ ತುದಿಯ ಹಗ್ಗವನ್ನು ಸೊಂಟದಿಂದ ಬಿಚ್ಚಿ ಎರಡು ದಂತಕ್ಕೂ ಬಿಗಿದಳು. ಶೆಟ್ಟಿ ಹಗ್ಗವನ್ನು ಗುರುತಿಸಿದ. ಲಂಗೋಟಿಯಲ್ಲಿ ಕೂತಿದ್ದವನು ಎದ್ದು ಕೈಮುಗಿದ. "ತಾಯೀ, ನಾನು ಬೇಕಂತ..." ಎಂದು ಶುರುಮಾಡಿದ.

"ಹಗ್ಗ ನಿಂದೇ ಶೆಟ್ಟಿ. ಗಟ್ಟಿಯಾಗೇ ಅದೆ. ಹಿಡಿಯೋನು ಸರಿ ಇರಬೇಕು ಅಷ್ಟೆ" ಅಂದಳು ಕೇತಿ. ಹಗ್ಗದ ತುದಿಯನ್ನು ತಮ್ಮನ ಕೈಗಿಟ್ಟಳು. ಜಡೆಯ ಎಳೆದುಕೊಂಡು ಹತ್ತಿದ. ಹತ್ತಕಡಕು, ಹಂಡೆ, ಕೊಡಲಿ ಎಲ್ಲವೂ ಬಂಡೆಯ ಮೇಲೇ ಉಳಿದವು. ಒಂದನ್ನು ಎತ್ತಿದ್ದರೂ ಮಾರನ ಸಾವಿಗೆ ಬೆಲೆ ಒಪ್ಪಿದಂತಾಗುತ್ತಿತ್ತು.

ರಾಚಶೆಟ್ಟಿ ಅವನ್ನು ಮುಟ್ಟಲೂ ಅಂಜಿ ಖಾಲಿ ಎತ್ತು ಹೊಡೆದುಕೊಂಡು ಇಳಿದ. ನಗ್ಗ ಹೆಂಡದಂಗಡಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಬಂಡೆಯ ಕಡೆ ತಿರುಗಿ ನೋಡಿದವನೊಂದಿಗೆ ಯಾವ ಶೆಟ್ಟಿಯೂ ಎತ್ತು ಕಟ್ಟಲಿಲ್ಲ. ಸಂತೆಯ ಮೂಲೆಯಲ್ಲಿ ಚಟಾಕು ಲೆಕ್ಕದಲ್ಲಿ ಉಪ್ಪು ಮಾರುತ್ತಾ ಅವನು ಇನ್ನೂ ಮೂವತ್ತು ವರ್ಷ ಬದುಕಿದ. ಬಿರುಬಿಸಿಲಿನಲ್ಲೂ ಸಂತೆಯ ಹುಡುಗರು ಹಿಂದಿನಿಂದ ಕೂಗುತ್ತಿದ್ದರಂತೆ: "ಶೆಟ್ರೇ, ಮೋಡ ಕಟ್ತಾ ಅದೆ ಕಣಿ!"

ಈಗ ಅಲ್ಲಿಗೆ ಹೋದವರು ಬಂಡೆಯ ಕೆಳಗೆ ಹುಲ್ಲು ಹುಟ್ಟದ ಪಟ್ಟೆಯೊಂದನ್ನು ನೋಡಬಹುದು. ಬೆಳಗಿನ ಬಸ್ಸಿನವರಿಗೆ, ಅದೃಷ್ಟವಿದ್ದರೆ, ಆ ಮಣ್ಣು ನೆಕ್ಕುವ ಜಿಂಕೆಗಳೂ ಕಾಣುತ್ತವೆ. ಬೆಟ್ಟದ ಹೆಂಗಸರು ಪಕ್ಕದಲ್ಲೇ ಕೂತು ಜೇನು ಮಾರುತ್ತಾರೆ. ಚೌಕಾಸಿ ಮಾಡಿದರೆ ಆಕಾಶ ನೋಡುತ್ತಾರೆ. ಆ ವ್ಯಾಪಾರದಲ್ಲಿ ಕೊನೆಗೆ ಗಳಿಸಿದ್ದೇನು ಎಂದು ಕೇಳಿದರೆ ಅವರ ಉತ್ತರ ಚಿಕ್ಕದು: ಬೇರೆ ಶೆಟ್ಟರ ಉಪ್ಪು ಸಾಲದೆ ಆ ವರ್ಷ ಬೆಟ್ಟವೆಲ್ಲ ಸಪ್ಪೆ ಅಂಬಲಿ ಕುಡಿಯಿತು, ಕೇತಿಗೆ ಗಂಡ ತಿರುಗಿ ಬರಲಿಲ್ಲ, ರಾಚಶೆಟ್ಟಿಯ ಮೂವತ್ತು ವರ್ಷ ಮಾತ್ರ ಪೂರ್ತಿಯಾಗಿ ಅವಳ ಪಾಲಿಗೆ ಬಂತು.